ಭರಣಿ ಮತ್ತು ಗುಲಾಬಿ ಪೊಟ್ಟಣ

ಮಾತಾಡುವವರು ಇಬ್ಬರು. ಅಕ್ಕ ಉಡುಪಿ ಕಡೆಯವರು, ಬಹ್ರೈನಿನ ಮನಾಮದ ಗುದೈಬಿಯಾದಲ್ಲಿ ಮನೆ ಮಾಡಿ ಬಹಳ ಕಾಲವಾಯಿತು. ಅವರು ತಮ್ಮ ಎಂದು ಕರೆಯುವ ಹುಡುಗ ಒಡಹುಟ್ಟಿದವನಲ್ಲ; ಮೈಸೂರಿನವನು, ಅಲ್ಲೇ ಆಹಾರ ತಂತ್ರಜ್ಞಾನ ಓದಿ ಇಲ್ಲಿನ ಆಹಾರ ಗೋದಾಮೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುತ್ತಾನೆ. ಜೂನ್ ಕೊನೆಯ ಶುಕ್ರವಾರ. ಎರಡು ತಿಂಗಳ ರಜೆಗೆ ಮನೆಮಂದಿಯೆಲ್ಲ ಊರಿಗೆ ಹೊರಟಿದ್ದಾರೆ. ಮಾತು ನಡೆಯುವುದು ಅಡುಗೆಮನೆಯಲ್ಲಿ.

ಅಕ್ಕ: ಇದನ್ನೊಮ್ಮೆ ನೋಡು ಮಾರಾಯ. ಮಗ ಆನ್‌ಲೈನಲ್ಲಿ ತರಿಸಿದ್ದು. ಟರ್ಕಿ ಕೋಳಿಯ ಬೇಕನ್ ಮನೆಯಲ್ಲೇ ಮಾಡ್ತಾನಂತೆ. ಮೇಲೆ ಕ್ಯೂರಿಂಗ್ ಸಾಲ್ಟ್ ಅಂತ ಬರೆದದ್ದುಂಟು, ಒಳಗೆ ಗುಲಾಬಿ ಬಣ್ಣದ ಪುಡಿ. ಇಷ್ಟು ವರ್ಷದಲ್ಲಿ ನನ್ನ ಅಡುಗೆಮನೆಗೆ ಕೆಮಿಕಲ್ ಅಂತ ಒಂದು ಚಿಟಿಕೆ ಬಂದದ್ದಿಲ್ಲ. ಬಿಸಾಡಲಾ?

ತಮ್ಮ: ಬಿಸಾಡೋ ಮಾತು ಆಮೇಲೆ. ಮೊದಲು ಅದನ್ನ ಆ ಕಪಾಟಿನಿಂದ ಕೆಳಗಿಳಿಸಿ ಅಕ್ಕ. ಪಕ್ಕದಲ್ಲೇ ಹಿಮಾಲಯದ ಗುಲಾಬಿ ಉಪ್ಪಿನ ಡಬ್ಬಿ ಇಟ್ಟಿದ್ದೀರಿ, ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ಬೆಳಗಿನ ಗಡಿಬಿಡಿಯಲ್ಲಿ ಭಾವ ಗಂಜಿಗೆ ಉಪ್ಪು ಅಂತ ಇದನ್ನೇ ಒಂದು ಚಮಚ ಹಾಕಿಕೊಂಡರೆ ಆಸ್ಪತ್ರೆಗೆ ಓಡಬೇಕಾಗುತ್ತೆ.

ಅಕ್ಕ: ಅಷ್ಟು ವಿಷವಾ ಇದು? ಮತ್ತೆ ಅಂಗಡಿಯ ಸಾಸೇಜು, ಸಲಾಮಿ ಎಲ್ಲದಕ್ಕೂ ಇದನ್ನೇ ಹಾಕ್ತಾರೆ ಅಂತ ಮಗ ಹೇಳಿದ.

ತಮ್ಮ: ಅವನು ಹೇಳಿದ್ದು ಸರಿ. ಈ ಪುಡಿಯಲ್ಲಿ ನೂರಕ್ಕೆ 93.75 ಭಾಗ ನಮ್ಮ ಅಡುಗೆ ಉಪ್ಪೇ. ಉಳಿದ 6.25 ಭಾಗ ಸೋಡಿಯಂ ನೈಟ್ರೈಟ್. ಅಡುಗೆ ಉಪ್ಪಿನ ಜೊತೆ ಅದಲುಬದಲಾಗದಿರಲಿ ಅಂತಲೇ ಗುಲಾಬಿ ಬಣ್ಣ ಹಾಕೋದು. ಆ ಕ್ರಮ ಬಂದಾಗ ಹಿಮಾಲಯದ ಉಪ್ಪು ಹೀಗೆ ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗ್ತಿರಲಿಲ್ಲ. ಈಗ ಎಚ್ಚರಿಕೆಗೆ ಅಂತ ಹಾಕಿದ ಬಣ್ಣವೇ ಮೋಸ ಮಾಡೋ ಹಾಗಾಗಿದೆ. ಒಂದು ಕೆ.ಜಿ. ಮಾಂಸಕ್ಕೆ ಇದು ಬೇಕಾಗೋದು ಎರಡೂವರೆ ಗ್ರಾಂ. ಅಂದರೆ ಕೆ.ಜಿ.ಗೆ 156 ಮಿಲಿಗ್ರಾಂ ನೈಟ್ರೈಟ್. ಅಮೆರಿಕದಲ್ಲಿ ಸಾಸೇಜಿಗೆ ಹಾಕಬಹುದಾದ ಮಿತಿಯೂ ಅಷ್ಟೇ. ಒಂದು ಟೀ ಚಮಚ ತುಂಬಿದರೆ ಆರು ಗ್ರಾಂ ಬರುತ್ತೆ, ಎರಡು ಕೆ.ಜಿ.ಗೂ ಹೆಚ್ಚು ಮಾಂಸಕ್ಕೆ ಅದು ಸಾಕು. ಕಣ್ಣಂದಾಜು, ಕೈಯಂದಾಜು ನಡೆಯದ ವಸ್ತು ಇದು.

ಅಕ್ಕ: ಜಾಸ್ತಿ ಹೊಟ್ಟೆಗೆ ಹೋದರೆ ಎಂತ ಆಗ್ತದೆ?

ತಮ್ಮ: ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್ ಇದೆಯಲ್ಲ, ಅದರ ಕಬ್ಬಿಣವನ್ನ ನೈಟ್ರೈಟ್ ಕೆಡಿಸುತ್ತೆ. ಆಮೇಲೆ ಅದು ಆಮ್ಲಜನಕ ಹೊರಲಾರದು. ಉಸಿರಾಡ್ತಾನೇ ಇದ್ದರೂ ಮೈಗೆ ಉಸಿರು ಸಿಗೋದಿಲ್ಲ. ತುಟಿ, ಉಗುರು, ಕಿವಿ ನೀಲಿಗಟ್ಟುತ್ತವೆ. 1944ರಲ್ಲಿ ನ್ಯೂಯಾರ್ಕಿನಲ್ಲಿ ಹನ್ನೊಂದು ಜನ ಹೀಗೆ ನೀಲಿಯಾಗಿ ಆಸ್ಪತ್ರೆ ಸೇರಿದರು. ಎಲ್ಲರೂ ವಯಸ್ಸಾದ ಬಡವರು, ಒಂದೇ ಅಗ್ಗದ ಹೋಟೆಲಿನಲ್ಲಿ ಬೆಳಗ್ಗೆ ಓಟ್ಸ್ ಗಂಜಿ ಕುಡಿದವರು. ಹುಡುಕಿದಾಗ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಹತ್ತಿರವೇ ಮಾಂಸಕ್ಕೆ ಹಾಕೋ ನೈಟ್ರೈಟ್ ಡಬ್ಬಿ ಸಿಕ್ಕಿತು. ಮೇಜಿನ ಮೇಲೆ ಉಪ್ಪು ಉದುರಿಸಿಕೊಳ್ಳೋ ಒಂದು ಡಬ್ಬಿಗೂ ಅದೇ ತುಂಬಿತ್ತು. ಒಬ್ಬರು ತೀರಿಕೊಂಡರು. ಬರ್ಟನ್ ರೂಶೇ ಅನ್ನೋ ಪತ್ರಕರ್ತ ಈ ಪ್ರಕರಣವನ್ನ ಬರೆದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳೂ ಅದನ್ನ ಓದೋ ಹಾಗಾಯಿತು. ಮಿಥಿಲೀನ್ ಬ್ಲೂ ಅನ್ನೋ ಔಷಧ ಇದೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಉಳೀತಾರೆ.

ಅಕ್ಕ: ಇಷ್ಟೆಲ್ಲ ಇದ್ದೂ ಮತ್ತೆ ಯಾಕೆ ಹಾಕುವುದು? ನಾಲ್ಕು ದಿನ ಹೆಚ್ಚು ಇಟ್ಟು ಮಾರುವ ಆಸೆಗಾ?

ತಮ್ಮ: ಆಸೆಯೂ ಇದೆ, ಇಲ್ಲ ಅನ್ನೋಲ್ಲ. ಇದರಿಂದ ಮಾಂಸಕ್ಕೆ ಬರೋ ಗುಲಾಬಿ ಬಣ್ಣ ಗಿರಾಕಿಯ ಕಣ್ಣಿಗೆ ಬೇಕು. ಆದರೆ ಮುಖ್ಯ ಕೆಲಸ ಬೇರೆ. ಬಾಟ್ಯುಲಿಸಂ ಅನ್ನೋ ಕಾಯಿಲೆ ತರೋ ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿ, ಕೆಸರಿನಲ್ಲಿ, ಮೀನಿನ ಕರುಳಿನಲ್ಲಿ ಅದರ ಬೀಜಾಣು ಇರುತ್ತೆ. ಗಾಳಿ ಇದ್ದಲ್ಲಿ ಅದಕ್ಕೆ ಬೆಳೆಯೋಕಾಗಲ್ಲ. ಗಾಳಿಯಾಡದ, ಹುಳಿ ಇಲ್ಲದ, ಉಪ್ಪು ಸಾಲದ, ಬೆಚ್ಚಗಿನ ಜಾಗ ಸಿಕ್ಕರೆ ಬೆಳೆದು ವಿಷ ಕಾರುತ್ತೆ. ಮಾಂಸವನ್ನ ವಾರಗಟ್ಟಲೆ ಇಟ್ಟು, ತಣ್ಣನೆ ಹೊಗೆ ಕೊಟ್ಟು ಮಾಡೋರಿಗೆ ಅದೇ ದೊಡ್ಡ ಭಯ. ನೈಟ್ರೈಟ್ ಅದನ್ನ ತಡೆಯುತ್ತೆ. ನಮ್ಮಲ್ಲೂ ಇದು ಹೊಸದಲ್ಲ. ಬೆಂಗಳೂರು, ಕೆ.ಜಿ.ಎಫ್.ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಉಪ್ಪು ಹಾಕಿದ ಮಾಂಸ ಮಾಡುವಾಗ ಪೆಟ್ಲುಪ್ಪು ಸೇರಿಸ್ತಿದ್ದರು. ಅದು ನೈಟ್ರೇಟ್, ಮಾಂಸದೊಳಗೆ ನಿಧಾನವಾಗಿ ನೈಟ್ರೈಟ್ ಆಗುತ್ತೆ. ಎಷ್ಟು ಆಗುತ್ತೆ ಅನ್ನೋದು ಹಿಡಿತಕ್ಕೆ ಸಿಗದು. ಅದಕ್ಕೇ ಅಳೆದು ಬೆರೆಸಿದ ಈ ಪುಡಿ ಬಂತು.

ಅಕ್ಕ: ಕೊಡಗಿನವರು ಒಲೆಯ ಮೇಲೆ ಹೊಗೆಯಲ್ಲಿ ಮಾಂಸ ಒಣಗಿಸುವುದಿಲ್ಲವಾ? ಅವರು ಯಾವ ಪುಡಿ ಹಾಕ್ತಾರೆ?

ತಮ್ಮ: ಉಪ್ಪು, ಹೊಗೆ, ಬಿಸಿ. ತೆಳ್ಳಗೆ ಸೀಳಿ, ಗಾಳಿಯಾಡೋ ಕಡೆ ತೂಗಿಹಾಕಿ, ನೀರಿನಂಶ ಹೋಗೋವರೆಗೆ ಒಣಗಿಸ್ತಾರೆ. ಆಮೇಲೆ ಚೆನ್ನಾಗಿ ಬೇಯಿಸಿ ತಿಂತಾರೆ. ಅಲ್ಲಿ ಮಾಂಸ ಕಾಯೋದು ಆ ಒಣಗಿಸೋದೇ. ಗುದೈಬಿಯಾದ ಫ್ಲ್ಯಾಟಿನಲ್ಲಿ ಆ ಒಲೆಯೂ ಇಲ್ಲ, ಆ ಹೊಗೆಯೂ ಇಲ್ಲ.

ಅಕ್ಕ: ಕ್ಯಾನ್ಸರ್ ಬರ್ತದೆ ಅಂತ ಹೇಳುವುದು ಇದರಿಂದಲೇ ಅಲ್ಲವಾ?

ತಮ್ಮ: ಹೌದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಂಸ್ಕರಿಸಿದ ಮಾಂಸವನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇಕಡಾ 18ರಷ್ಟು ಏರುತ್ತೆ ಅಂತ ಅವರ ಲೆಕ್ಕ. ಜೋರು ಉರಿಯಲ್ಲಿ ಕರಿದಾಗ ನೈಟ್ರೈಟಿನಿಂದ ನೈಟ್ರೋಸಮೀನ್ ಹುಟ್ಟುತ್ತೆ, ಅದು ಒಂದು ಕಾರಣ. ನೈಟ್ರೈಟ್ ಸೇರಿಸಿಲ್ಲ ಅಂತ ಬರೆದು, ಸೆಲರಿ ಸೊಪ್ಪಿನ ಪುಡಿ ಹಾಕಿ ಮಾರೋದನ್ನೂ ನಂಬಬೇಡಿ. ಸೆಲರಿಯೊಳಗಿನ ನೈಟ್ರೇಟನ್ನ ಬ್ಯಾಕ್ಟೀರಿಯಾದಿಂದ ನೈಟ್ರೈಟ್ ಮಾಡಿಸಿರ್ತಾರೆ, ಕೊನೆಗೆ ಮಾಂಸಕ್ಕೆ ಹೋಗೋದು ಅದೇ. ಸರಿ, ಈ ಪೊಟ್ಟಣದ ವಿಷಯ ಮುಗೀತು ಅನ್ಕೊಳ್ಳಿ. ನನಗೆ ಇದಕ್ಕಿಂತ ಹೆಚ್ಚು ಚಿಂತೆ ಆಗ್ತಿರೋದು ಆ ಎರಡು ಭರಣಿ ನೋಡಿ.

ಅಕ್ಕ: ನನ್ನ ಭರಣಿಯಾ? ಅದರಲ್ಲಿ ಎಂತ ಉಂಟು ಚಿಂತೆ ಮಾಡಲಿಕ್ಕೆ? ಒಂದರಲ್ಲಿ ಮಾವಿನಕಾಯಿ, ಒಂದರಲ್ಲಿ ಸಿಗಡಿ ಉಪ್ಪಿನಕಾಯಿ. ಯಾವ ಪ್ರಿಸರ್ವೇಟಿವ್ ಸಹ ಇಲ್ಲ. ಇವರಿಗೆ ಬಿ.ಪಿ. ಅಂತ ಉಪ್ಪು ಸಹ ಅರ್ಧಕ್ಕರ್ಧ ಕಮ್ಮಿ ಮಾಡಿದ್ದೇನೆ. ಎಣ್ಣೆಯೂ ಸ್ವಲ್ಪವೇ. ಸಿಗಡಿಗೆ ವಿನೆಗರ್ ಹಾಕಿದರೆ ಮಕ್ಕಳಿಗೆ ಮೂಗಿಗೆ ಹೊಡೀತದೆ ಅಂತ ಎರಡು ಚಮಚ ಮಾತ್ರ ಹಾಕಿದ್ದು.

ತಮ್ಮ: ಅದೇ ಅಕ್ಕ. ಪ್ರಿಸರ್ವೇಟಿವ್ ಇಲ್ಲ ಅಂದಿರಲ್ಲ, ನಿಮ್ಮ ಅಮ್ಮನ ಭರಣಿಯಲ್ಲಿ ಅದು ಧಾರಾಳವಾಗಿತ್ತು. ಭಾರತದ ಆಹಾರ ನಿಯಮದಲ್ಲಿ ಪ್ರಿಸರ್ವೇಟಿವ್‌ಗಳನ್ನ ಎರಡು ವರ್ಗ ಮಾಡಿದ್ದಾರೆ. ಎರಡನೇ ವರ್ಗದಲ್ಲಿ ಬೆಂಜೋಯೇಟ್, ಗಂಧಕದ ಲವಣ, ನೈಟ್ರೈಟ್ ಎಲ್ಲ ಬರುತ್ತೆ. ಮೊದಲನೇ ವರ್ಗದಲ್ಲಿ ಏನಿದೆ ಗೊತ್ತಾ? ಉಪ್ಪು, ಸಕ್ಕರೆ, ವಿನೆಗರ್, ಮಸಾಲೆ, ಜೇನು, ಅಡುಗೆ ಎಣ್ಣೆ. ನೀವು ಕಮ್ಮಿ ಮಾಡಿದ್ದು ಇವನ್ನೇ. ಉಪ್ಪನ್ನೇ ನಂಬಿ ಮಾಡಿದ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡಾ 12ಕ್ಕಿಂತ ಕಮ್ಮಿ ಇರಬಾರದು ಅಂತ 2011ರ ನಿಯಮ. ಮಾವಿನಕಾಯಿ ಎಷ್ಟಿತ್ತು, ಉಪ್ಪು ಎಷ್ಟು ಹಾಕಿದಿರಿ?

ಅಕ್ಕ: ಎರಡು ಕೆ.ಜಿ. ಹೋಳಿಗೆ ಒಂದು ಸಣ್ಣ ಲೋಟ ಉಪ್ಪು. ನೂರು, ನೂರಿಪ್ಪತ್ತು ಗ್ರಾಂ ಇರಬಹುದು. ಅಮ್ಮ ಮಿಡಿಗೆ ಹಾಕುತ್ತಿದ್ದ ಉಪ್ಪು ನೋಡಿದರೆ ಈಗಿನವರು ಹೆದರಬೇಕು. ಸೊನೆ ಹೋಗುವ ಹಾಗೆ ತೊಳೆದು, ಒರೆಸಿ, ನೆರಳಲ್ಲಿ ಆರಿಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ದಿನಾ ಒಮ್ಮೆ ಭರಣಿ ಕುಲುಕುವುದು. ಮಿಡಿ ನೀರು ಬಿಟ್ಟು ಸುಕ್ಕುಗಟ್ಟಿದ ಮೇಲೆ ಆ ಉಪ್ಪುನೀರನ್ನು ಬಸಿದು, ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಸಾಸಿವೆ, ಮೆಣಸು ಅರೆದು ಬೆರೆಸುವುದು. ಹಸಿ ನೀರು ಒಂದು ತೊಟ್ಟು ತಾಗಬಾರದು. ಮೂರು ವರ್ಷದ ಮಿಡಿಯನ್ನು ನಾವು ತಿಂದದ್ದುಂಟು. ಕಚ್ಚಿದರೆ ಕಟಕ್ ಅನ್ನಬೇಕು.

ತಮ್ಮ: ಒಂದೊಂದು ಹೆಜ್ಜೆಗೂ ಅರ್ಥ ಇದೆ ನೋಡಿ. ಕಲ್ಲುಪ್ಪು ಮಿಡಿಯೊಳಗಿನ ನೀರನ್ನ ಹೊರಗೆಳೆಯುತ್ತೆ, ಉಳಿದ ನೀರನ್ನೂ ಸೂಕ್ಷ್ಮಜೀವಿಗಳಿಗೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ಹಲಗೆ, ಕಲ್ಲು ಮಿಡಿಯನ್ನ ಉಪ್ಪುನೀರಿನ ಕೆಳಗೇ ಇಡುತ್ತೆ. ಕುದಿಸಿದರೆ ಅದರಲ್ಲಿ ಹುಟ್ಟಿಕೊಂಡಿದ್ದ ಬೂಷ್ಟು ಸಾಯುತ್ತೆ. ಸಾಸಿವೆಯನ್ನ ಹಸಿಯಾಗಿ ಅರೆದಾಗ ಮೂಗಿಗೆ ಏರೋ ಘಾಟು ಬರುತ್ತಲ್ಲ, ಅದು ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಆಗದು. ಹುರಿದು ಪುಡಿ ಮಾಡಿದರೆ ಆ ಘಾಟಿನ ಬಹುಪಾಲು ಹೋಗುತ್ತೆ. ನಾನು ಓದಿದ್ದು ಮೈಸೂರಲ್ಲಿ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ನಮ್ಮ ಊರಲ್ಲೇ ಇದೆ. ಪುಸ್ತಕದಲ್ಲಿ ಒಂದರ ಮೇಲೊಂದು ತಡೆ ಹಾಕೋದು ಅಂತ ಕಲಿತದ್ದನ್ನ ನಿಮ್ಮ ಅಮ್ಮ ಕೈಯಲ್ಲೇ ಮಾಡಿದ್ದಾರೆ. ಅಷ್ಟು ತಡೆ ಇದ್ದಿದ್ದರಿಂದಲೇ ಆ ಭರಣಿ ಮೂರು ವರ್ಷ ಅಟ್ಟದ ಮೇಲೆ ಕೂತಿತ್ತು. ನೀವು ಅದರಲ್ಲಿ ಎರಡನ್ನ ತೆಗೆದು, ಭರಣಿಯನ್ನ ಮಾತ್ರ ಅದೇ ಹಳೆ ಧೈರ್ಯದಲ್ಲಿ ಹೊರಗಿಟ್ಟಿದ್ದೀರಿ.

ಅಕ್ಕ: ಹಾಗಾದರೆ ಇವರ ಬಿ.ಪಿ. ಎಂತ ಮಾಡುವುದು? ಡಾಕ್ಟರು ಉಪ್ಪು ಬಿಡಿ ಅಂದದ್ದು ಸುಳ್ಳಾ?

ತಮ್ಮ: ಡಾಕ್ಟರು ಹೇಳಿದ್ದು ನಿಜ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಿಮ್ಮ ಅಮ್ಮನ ಲೆಕ್ಕದ ಉಪ್ಪಿನಕಾಯಿ 15 ಗ್ರಾಂ ಬಡಿಸಿಕೊಂಡರೆ ಎರಡು ಗ್ರಾಂಗೂ ಹೆಚ್ಚು ಉಪ್ಪು ಅದರಲ್ಲೇ ಹೋಯಿತು. ಭಾವ ಅದನ್ನ ಪಲ್ಯದ ಹಾಗೆ ತಿನ್ನಬಾರದು, ಅಷ್ಟೇ. ದಾರಿ ಎರಡಿದೆ. ಪೂರ್ತಿ ಉಪ್ಪು ಹಾಕಿ ಮಾಡಿ, ಎಲೆಯ ತುದಿಯಲ್ಲಿ ಒಂದು ಹೋಳು ತಿನ್ನಿ. ಇಲ್ಲವಾದರೆ ಕಮ್ಮಿ ಉಪ್ಪಿನದನ್ನ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಬೇಗ ಮುಗಿಸಿ. ಅದು ಕೋಸಂಬರಿಯ ಜಾತಿ. ಅದನ್ನ ಉಪ್ಪಿನಕಾಯಿ ಅಂತ ಕಪಾಟಿನಲ್ಲಿ ಇಡಬಾರದು.

ಅಕ್ಕ: ಮಾವಿನಕಾಯಿ ಅಷ್ಟು ಹುಳಿ ಉಂಟಲ್ಲ, ಅದು ಕಾಯುವುದಿಲ್ಲವಾ?

ತಮ್ಮ: ಕಾಯುತ್ತೆ. ಇಲ್ಲ ಅನ್ನೋಹಾಗಿಲ್ಲ. ಹುಳಿ ಅಳೆಯೋ ಪಿ.ಎಚ್. ಲೆಕ್ಕದಲ್ಲಿ 4.6ಕ್ಕಿಂತ ಕೆಳಗಿದ್ದರೆ ಆ ಬಾಟ್ಯುಲಿಸಂ ಬ್ಯಾಕ್ಟೀರಿಯಾ ಬೆಳೆಯದು. ಹಸಿ ಮಾವು ಅದಕ್ಕಿಂತ ಬಹಳ ಕೆಳಗೇ ಇರುತ್ತೆ. ನಿಂಬೆಯೂ ಹಾಗೇ. ಆದ್ದರಿಂದ ನಿಮ್ಮ ಮಾವಿನ ಭರಣಿ ಉಪ್ಪು ಕಮ್ಮಿಯಾದರೆ ಹುದುಗು ಬರುತ್ತೆ, ಮೆತ್ತಗಾಗುತ್ತೆ, ಬೂಷ್ಟು ಹಿಡಿಯುತ್ತೆ, ಕೂಡಲೇ ಕೊಲ್ಲೋದಿಲ್ಲ. ಆದರೆ ಬೂಷ್ಟು ಹಿಡಿದ ಮೇಲೆ ಕಥೆ ಬದಲಾಗುತ್ತೆ. ಬೂಷ್ಟು ಹುಳಿಯನ್ನೇ ತಿಂದು ಬದುಕುತ್ತೆ. ಅದು ಬೆಳೆದ ಕಡೆ ಹುಳಿ ಇಳೀತಾ ಹೋಗುತ್ತೆ, ಅದರ ಅಡಿಯಲ್ಲಿ ಬೇರೆಯದಕ್ಕೆ ಜಾಗ ಆಗುತ್ತೆ. ಒದ್ದೆ ಸೌಟು ಹಾಕಬೇಡ ಅಂತ ಬೈತಿದ್ದರಲ್ಲ, ಆ ಒಂದು ತೊಟ್ಟು ನೀರು ಬಿದ್ದ ಜಾಗದಲ್ಲಿ ಉಪ್ಪು ತೆಳುವಾಗಿ ಬೂಷ್ಟು ಮೊದಲು ಅಲ್ಲೇ ಹುಟ್ಟುತ್ತೆ.

ಅಕ್ಕ: ಮೇಲಿನ ಬೂಷ್ಟು ತೆಗೆದು, ಬಿಸಿ ಎಣ್ಣೆ ಹಾಕಿ ತಿಂದವರು ಎಷ್ಟೋ ಮಂದಿ ಇದ್ದಾರೆ.

ತಮ್ಮ: ಇದ್ದಾರೆ. ಅವರ ಭರಣಿಯಲ್ಲಿ ಉಪ್ಪು ಎಷ್ಟಿತ್ತು ಅನ್ನೋದನ್ನೂ ಜೊತೆಗೇ ಕೇಳಬೇಕು. ನಿಮ್ಮದಕ್ಕೆ ಬೂಷ್ಟು ಬಂದರೆ ಪೂರ್ತಿ ಚೆಲ್ಲಿ. ಬೂಷ್ಟಿನ ಬೇರು ಕಣ್ಣಿಗೆ ಕಾಣೋದಿಲ್ಲ, ಕೆಲವು ಬೂಷ್ಟು ಬಿಡೋ ವಿಷ ಬಿಸಿಗೂ ಜಗ್ಗೋದಿಲ್ಲ. ಆದರೆ ನನಗೆ ನಿಜವಾಗಿ ಭಯ ಇರೋದು ಆ ಸಿಗಡಿ. ಯಾವತ್ತು ಮಾಡಿದ್ದು, ಎಲ್ಲಿಟ್ಟಿದ್ದೀರಿ?

ಅಕ್ಕ: ಹೋದ ವಾರ. ಅಲ್ಲೇ ಒಲೆಯ ಪಕ್ಕ. ಸಿಗಡಿಯನ್ನು ಹುರಿದು, ಬೆಳ್ಳುಳ್ಳಿ ಧಾರಾಳ ಹಾಕಿ, ಮಸಾಲೆ ಮಾಡಿದ್ದು. ಮೇಲೆ ಎಣ್ಣೆ ನಿಂತದ್ದುಂಟಲ್ಲ, ಗಾಳಿ ತಾಗುವುದಿಲ್ಲ.

ತಮ್ಮ: ಗಾಳಿ ತಾಗದಿರೋದೇ ಇಲ್ಲಿ ಅಪಾಯ. ಮಾವಿನಕಾಯಿಗೆ ಎಣ್ಣೆ ಮುಚ್ಚಿದರೆ ಬೂಷ್ಟು ಬರದು, ಒಳಗಿನ ಹುಳಿ ಉಳಿದದ್ದನ್ನ ನೋಡಿಕೊಳ್ಳುತ್ತೆ. ಸಿಗಡಿಯಲ್ಲಿ ಹುಳಿ ಇಲ್ಲ, ಬೆಳ್ಳುಳ್ಳಿಯಲ್ಲೂ ಇಲ್ಲ. ಉಪ್ಪು ಕಮ್ಮಿ, ವಿನೆಗರ್ ಎರಡು ಚಮಚ, ಮೇಲೆ ಎಣ್ಣೆಯ ಮುಚ್ಚಳ, ಪಕ್ಕದಲ್ಲಿ ಒಲೆಯ ಶಾಖ. ನಾನು ಆಗ ಹೇಳಿದ ನಾಲ್ಕೂ ಸೇರಿತು. ಹುರಿದಾಗ ಬ್ಯಾಕ್ಟೀರಿಯಾ ಸಾಯುತ್ತೆ, ಅದರ ಬೀಜಾಣು ಸಾಯೋಲ್ಲ. ಅದಕ್ಕೆ 121 ಡಿಗ್ರಿ ಬೇಕು. ನೀರಿನಂಶ ಇರೋ ತುಂಡಿನ ಒಳಗೆ ಅಷ್ಟು ಬಿಸಿ ಏರೋದೇ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಊಟ ಮಾಡಿದ 36 ಜನಕ್ಕೆ ಬಾಟ್ಯುಲಿಸಂ ಬಂತು. ಮೂಲ ಹುಡುಕಿದರೆ ಎಣ್ಣೆಯಲ್ಲಿ ಹಾಕಿ ಹೊರಗಿಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿ. ಬರೀ ಬೆಳ್ಳುಳ್ಳಿ, ಎಣ್ಣೆ. ಆಮೇಲೆ ಅಮೆರಿಕದಲ್ಲೂ ಅಂಥದೇ ಆದಾಗ, 1989ರಿಂದ ಎಣ್ಣೆಯಲ್ಲಿ ಮಾರೋ ಬೆಳ್ಳುಳ್ಳಿಗೆ ಹುಳಿ ಸೇರಿಸಲೇಬೇಕು ಅಂತ ಮಾಡಿದರು.

ಅಕ್ಕ: ನಮ್ಮ ಊರಲ್ಲಿ ಇದುವರೆಗೆ ಯಾರಿಗೂ ಹಾಗೆ ಆದದ್ದು ಕೇಳಿಲ್ಲ.

ತಮ್ಮ: ಅಪರೂಪ ನಿಜ. ನಮ್ಮಲ್ಲಿ ಬಿಸಿ ಬಿಸಿ ಮಾಡಿ ಆಗಲೇ ಉಣ್ಣೋ ರೂಢಿ ಕಾಪಾಡಿದೆ. ಆದರೆ ಇಲ್ಲವೇ ಇಲ್ಲ ಅನ್ನೋಹಾಗಿಲ್ಲ. 1996ರಲ್ಲಿ ಗುಜರಾತಿನ ಒಂದು ವಸತಿ ಶಾಲೆಯಲ್ಲಿ 34 ಮಕ್ಕಳು ಹಾಸಿಗೆ ಹಿಡಿದರು, ಮೂವರು ಉಳಿಯಲಿಲ್ಲ. ವೈದ್ಯರು ಬಾಟ್ಯುಲಿಸಂ ಅಂತಲೇ ಶಂಕಿಸಿದರು. ಕಡಲೆಹಿಟ್ಟಿನ ಸೇವಿನಲ್ಲಿ ಆ ವಿಷ ಕಾರೋ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದೂ ಅಲ್ಲದೆ ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಬದಲಾಗಲೇಬೇಕು ಅಂತಿಲ್ಲ. 85 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿದರೆ ವಿಷ ಕೆಡುತ್ತೆ. ಆದರೆ ಉಪ್ಪಿನಕಾಯಿಯನ್ನ ಯಾರು ಕಾಯಿಸಿ ತಿಂತಾರೆ ಅಕ್ಕ? ಸಾರು, ಮಾಂಸ ಮತ್ತೆ ಒಲೆಯ ಮೇಲೆ ಬರುತ್ತೆ. ಉಪ್ಪಿನಕಾಯಿ ಭರಣಿಯಿಂದ ನೇರ ತಟ್ಟೆಗೆ.

ಅಕ್ಕ: ಕಳೆದ ವರ್ಷ ನಮ್ಮದೇ ಬಿಲ್ಡಿಂಗಿನಲ್ಲಿ ಒಂದು ಮನೆಯವರು ಹೀಗೆ ಊರಿಗೆ ಹೋದರು. ಎ.ಸಿ. ಬಂದ್, ಕರೆಂಟು ಬಿಲ್ಲು ಬರ್ತದೆ ಅಂತ ಫ್ರಿಜ್ಜು ಸಹ ಬಂದ್. ಮೀನಿನ ಉಪ್ಪಿನಕಾಯಿ ಕಪಾಟಿನಲ್ಲಿ. ಸೆಪ್ಟೆಂಬರಲ್ಲಿ ಬಂದು ಬಾಗಿಲು ತೆಗೆದಾಗ ಮನೆ ಒಳಗೆ ಬೆಂಕಿ. ಬಾಟಲಿಯ ತಗಡಿನ ಮುಚ್ಚಳ ಉಬ್ಬಿ ನಿಂತಿತ್ತಂತೆ, ತೆಗೆಯುವಾಗ ಪುಸ್ ಅಂತ ಸದ್ದು. ಯಜಮಾನರು ಹುಳಿ ಬಂದಿದೆಯೋ ಏನೋ ಅಂತ ನಾಲಿಗೆಗೆ ಹಚ್ಚಿ ನೋಡಲಿಕ್ಕೆ ಹೊರಟಿದ್ದರು. ಹೆಂಡತಿ ಕೈಯಿಂದ ಕಿತ್ತುಕೊಂಡರು.

ತಮ್ಮ: ಆ ತಾಯಿಗೆ ಕೈ ಮುಗಿಯಬೇಕು. ನಾಲಿಗೆಗೆ ಹಚ್ಚೋದು ನೂರಕ್ಕೆ ನೂರು ಮಾಡಬಾರದ ಕೆಲಸ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಹೊರಗೆ ನಲವತ್ತರ ಸುತ್ತಮುತ್ತ, ಮೇಲಿಂದ ಸಮುದ್ರದ ಕಾವು. ಬಾಗಿಲು ಹಾಕಿದ ಫ್ಲ್ಯಾಟು ಹಗಲು ರಾತ್ರಿ 35ರಿಂದ 40 ಡಿಗ್ರಿಯಲ್ಲಿ ಬೇಯುತ್ತೆ. ಆ ಬ್ಯಾಕ್ಟೀರಿಯಾ ಅತಿ ಜೋರಾಗಿ ಬೆಳೆಯೋದು ಸರಿಯಾಗಿ ಅಷ್ಟೇ ಶಾಖದಲ್ಲಿ. ಉಡುಪಿಯ ಅಟ್ಟ ಮಳೆಗಾಲದಲ್ಲಿ ತಂಪಾಗಿರುತ್ತೆ, ಇಲ್ಲಿನ ಕಪಾಟು ಹಾಗಲ್ಲ. ಯಾರಾದರೂ ಅಂಥದ್ದು ತಿಂದು ಹನ್ನೆರಡು ಗಂಟೆ, ಒಂದೂವರೆ ದಿನದೊಳಗೆ ಕಣ್ಣು ಎರಡೆರಡಾಗಿ ಕಾಣೋದು, ರೆಪ್ಪೆ ಜೋತುಬೀಳೋದು, ಮಾತು ತೊದಲೋದು, ನುಂಗೋಕೆ ಕಷ್ಟ ಆಗೋದು ಶುರುವಾದರೆ ಕಾಯಬಾರದು, 999ಕ್ಕೆ ಕರೆ ಮಾಡಬೇಕು. ಏನು ತಿಂದರು ಅಂತ ಡಾಕ್ಟರಿಗೆ ಹೇಳಬೇಕು. ಪ್ರತಿವಿಷ ಇದೆ, ತಡ ಆದಷ್ಟೂ ಅದರ ಉಪಯೋಗ ಕಮ್ಮಿ.

ಅಕ್ಕ: ಊರಿಂದ ಬರುವಾಗ ಮಂಗಳೂರಲ್ಲಿ ಗಾಳಿ ತೆಗೆದು ಪ್ಯಾಕ್ ಮಾಡಿ ಕೊಡ್ತಾರಲ್ಲ, ಅದು ಸೋರುವುದಿಲ್ಲ, ಕೆಡುವುದೂ ಇಲ್ಲ ಅಂತ ಎಲ್ಲರೂ ಮಾಡಿಸ್ತಾರೆ.

ತಮ್ಮ: ಗರಿಗರಿ ಒಣಗಿದ ನೆತ್ತೋಲಿ, ಹಪ್ಪಳ, ಸಾರಿನ ಪುಡಿಗೆ ಮಾಡಿಸಿ, ತೊಂದರೆ ಇಲ್ಲ. ಅರ್ಧ ಒಣಗಿದ ಮೀನು, ಮೀನಿನ ಉಪ್ಪಿನಕಾಯಿ, ಸುಕ್ಕ ಇಂಥವನ್ನ ಗಾಳಿ ತೆಗೆದು ಪ್ಯಾಕ್ ಮಾಡಿ ಹೊರಗಿಟ್ಟರೆ ಬೂಷ್ಟು ಬರೋಲ್ಲ, ವಾಸನೆಯೂ ಬರೋಲ್ಲ. ಕೆಟ್ಟಿದ್ದು ತಿಳಿಸೋ ಗುರುತುಗಳೇ ಹೋಗಿಬಿಡುತ್ತೆ. ಬಂದ ಕೂಡಲೇ ಫ್ರೀಜರಿಗೆ ಹಾಕಬೇಕು. ನಮ್ಮ ಗೋದಾಮಿನಲ್ಲೂ ಇಂಥ ಪ್ಯಾಕೆಟ್ಟಿಗೆ ಮೊದಲು ನೋಡೋದು ಯಾವ ಶಾಖದಲ್ಲಿ ಬಂತು ಅಂತ.

ಅಕ್ಕ: ಮುಹರ್ರಕ್‌ನ ನನ್ನ ಗೆಳತಿ ಮಹ್ಯಾವಾ ಕೊಟ್ಟಿದ್ದಾಳೆ. ಸಣ್ಣ ಮೀನನ್ನು ಉಪ್ಪಲ್ಲಿ ಹಾಕಿ, ಸಾಸಿವೆ, ಕೊತ್ತಂಬರಿ, ಸೋಂಪು ಬೆರೆಸಿ ಬಿಸಿಲಲ್ಲಿ ಇಡುವುದಂತೆ. ಬಿಸಿ ಖುಬ್ಜ್ ಮೇಲೆ ಹಚ್ಚಿ, ಮೊಟ್ಟೆ ಒಡೆದು ಹಾಕಿ ತಿಂತಾರೆ. ಇಲ್ಲಿಯ ಬಿಸಿಲಲ್ಲೇ ಅದು ಕೆಡದೆ ನಿಲ್ತದಲ್ಲ!

ತಮ್ಮ: ನಿಲ್ಲೋದು ಉಪ್ಪಿನಿಂದ. ನಾಲಿಗೆಗೆ ಹಚ್ಚಿದ ಕೂಡಲೇ ಗೊತ್ತಾಗುತ್ತೆ ಅದರಲ್ಲಿ ಎಷ್ಟು ಉಪ್ಪಿದೆ ಅಂತ. ನೀರಿನಂಶಕ್ಕೆ ಶೇಕಡಾ ಹತ್ತು ದಾಟಿ ಉಪ್ಪಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು. ಇರಾನಿನ ಕರಾವಳಿಯಿಂದ ಇಲ್ಲಿಗೆ ಬಂದ ಅಡುಗೆ ಅದು, ತಲೆಮಾರುಗಳ ಕೈ ಅದರ ಹಿಂದಿದೆ. ಅದೇ ಉಪ್ಪುಮೀನು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಈಜಿಪ್ಟ್ ಇದೆ. ಅಲ್ಲಿ ವಸಂತದ ಹಬ್ಬಕ್ಕೆ ಫೆಸೀಖ್ ಅಂತ ಮೀನು ತಿಂತಾರೆ. ಕರುಳು ತೆಗೆಯದೆ, ಸ್ವಲ್ಪ ಹಳಸಲು ಬಿಟ್ಟು ಆಮೇಲೆ ಉಪ್ಪು ಹಾಕೋದು. 1991ರ ಏಪ್ರಿಲ್‌ನಲ್ಲಿ ಕೈರೋದಲ್ಲಿ 91 ಜನ ಆಸ್ಪತ್ರೆ ಸೇರಿ 18 ಜನ ಸತ್ತರು. ಬೀಜಾಣು ಇರೋದೇ ಕರುಳಿನಲ್ಲಿ, ಉಪ್ಪು ಅಲ್ಲಿಗೆ ತಲುಪೋ ಮೊದಲೇ ವಿಷ ಆಗಿತ್ತು. ನೀವು ಒಣಮೀನು ಮಾಡುವಾಗ ಮೊದಲು ಹೊಟ್ಟೆ ಸೀಳಿ ತೊಳೀತೀರಲ್ಲ, ಆ ಕೆಲಸ ಎಷ್ಟು ದೊಡ್ಡದು ನೋಡಿ. ಸಕ್ಕರೆಯಿಂದ ಕಾಯೋದಕ್ಕೂ ಈ ದ್ವೀಪದಲ್ಲೇ ಸಾಕ್ಷಿ ಇದೆ. ಬಹ್ರೈನ್ ಕೋಟೆಗೆ ಹೋದರೆ ಮದ್ಬಸಾ ಅನ್ನೋ ಕೋಣೆ ತೋರಿಸ್ತಾರೆ, ನೆಲದಲ್ಲಿ ಸಾಲು ಸಾಲು ಕಾಲುವೆ. ಮೇಲೆ ಖರ್ಜೂರದ ಚೀಲ ಒಟ್ಟಿದರೆ ಅದರ ಭಾರಕ್ಕೇ ಪಾಕ ಇಳಿದು ಕಾಲುವೆಯಲ್ಲಿ ಹರಿದು ಹೂಜಿ ಸೇರುತ್ತಿತ್ತು. ಆ ಗಟ್ಟಿ ಸಿಹಿಯಲ್ಲಿ ಯಾವ ಬ್ಯಾಕ್ಟೀರಿಯಾಕ್ಕೂ ಕುಡಿಯೋಕೆ ನೀರು ಸಿಗದು.

ಅಕ್ಕ: ನಾನು ಪುನರ್ಪುಳಿ ಶರಬತ್ತು ಮಾಡುವುದುಂಟು, ಈ ಸೆಕೆಗೆ ಅದಿಲ್ಲದೆ ಆಗುವುದಿಲ್ಲ. ನಾದಿನಿ ಕೆ.ಎಂ.ಎಸ್. ಪುಡಿ ಹಾಕು, ವರ್ಷ ನಿಲ್ತದೆ ಅಂತಾಳೆ. ಅದು ಸಹ ವಿಷವಾ?

ತಮ್ಮ: ಅದು ನಾನು ಆಗ ಹೇಳಿದ ಗಂಧಕದ ಲವಣ, ಅಳತೆಯಲ್ಲಿ ಹಾಕಿದರೆ ಹೆಚ್ಚಿನವರಿಗೆ ಏನೂ ಆಗೋಲ್ಲ. ಆದರೆ ನಿಮ್ಮ ಪುನರ್ಪುಳಿಗೆ ಬೇಡ, ಅದರ ಕೆಂಪು ಬಣ್ಣವನ್ನೇ ಕೆ.ಎಂ.ಎಸ್. ಬಿಳಿಚಿಸುತ್ತೆ. ಮನೆಯಲ್ಲಿ ಅಸ್ತಮಾ ಇರೋರಿದ್ದರೆ ಉಸಿರು ಕಟ್ಟಿಸಬಹುದು. ಬಣ್ಣದ ಹಣ್ಣಿಗೆ ಸೋಡಿಯಂ ಬೆಂಜೋಯೇಟ್ ಹಾಕೋದು ವಾಡಿಕೆ. ಅದೂ ಹುಳಿ ಇದ್ದರೆ ಮಾತ್ರ ಕೆಲಸ ಮಾಡುತ್ತೆ, ಸಿಗಡಿ, ಕೋಳಿಗೆ ಹಾಕಿದರೆ ಹಾಕಿದ ಸಮಾಧಾನ ಅಷ್ಟೇ. ಉಪ್ಪಿನಕಾಯಿಗೆ ಭಾರತದ ಆ ನಿಯಮದಲ್ಲಿ ಅದರ ಮಿತಿ ಕೆ.ಜಿ.ಗೆ 250 ಮಿಲಿಗ್ರಾಂ, ಅಂದರೆ ಕಾಲು ಗ್ರಾಂ. ಎರಡು ಬೆರಳಿನ ಚಿಟಿಕೆ ಅದನ್ನ ಸುಲಭವಾಗಿ ದಾಟಿಬಿಡುತ್ತೆ. ಕಾರ್ಖಾನೆಯ ಉಪ್ಪಿನಕಾಯಿಯಲ್ಲಿ ಕೆಮಿಕಲ್ ಅಂತ ಬೈತೀವಿ. ಅಲ್ಲಿ ಕೊನೇ ಪಕ್ಷ ತೂಕ ಮಾಡಿ ಹಾಕ್ತಾರೆ. ನಿಮಗೆ ಎರಡೂ ಬೇಕಾಗಿಲ್ಲ. ಸಕ್ಕರೆ ಪಾಕ ಗಟ್ಟಿ ಮಾಡಿ ಫ್ರಿಜ್ಜಿನಲ್ಲಿಡಿ.

ಅಕ್ಕ: ಮತ್ತೆ ಅಸಿಟಿಕ್ ಆಸಿಡ್ ಅಂತ ಸಣ್ಣ ಬಾಟಲಿ ಸಿಗ್ತದಲ್ಲ, ಎರಡು ತೊಟ್ಟು ಸಾಕು ಅಂತಾರೆ.

ತಮ್ಮ: ಆ ಬಾಟಲಿ ಮನೆಗೆ ತರಲೇಬೇಡಿ. ಅದು ನೀರು ಬೆರೆಸದ್ದು, ಕೈ ಮೇಲೆ ಬಿದ್ದರೆ ಸುಡುತ್ತೆ, ಮಗು ನೀರು ಅಂತ ಬಾಯಿಗೆ ಹಾಕಿಕೊಂಡರೆ ಅನ್ನನಾಳವೇ ಬೇಯುತ್ತೆ. ಶೇಕಡಾ 5 ಅಂತ ಬರೆದ ಸಾಮಾನ್ಯ ವಿನೆಗರ್ ಸಾಕು.

ಅಕ್ಕ: ಸಿಗಡಿ ಇನ್ನೊಂದು ಸಲ ಮಾಡುವುದಾದರೆ ಹೇಗೆ? ಪೂರ್ತಿ ಬಿಡು ಅಂತ ಮಾತ್ರ ಹೇಳಬೇಡ.

ತಮ್ಮ: ಬಿಡಬೇಡಿ. ಚೆನ್ನಾಗಿ ಹುರಿದು ನೀರು ಆರಿಸಿ. ಮಸಾಲೆಯನ್ನ ನೀರಿನ ಬದಲು ವಿನೆಗರಿನಲ್ಲೇ ಅರೆಯಿರಿ, ಬೆಳ್ಳುಳ್ಳಿಯನ್ನ ವಿನೆಗರಿನಲ್ಲಿ ಕುದಿಸಿ ಹಾಕಿ. ಮೂಗಿಗೆ ಹೊಡೆಯುತ್ತೆ ಅನ್ನೋರಿಗೆ ಬಡಿಸುವಾಗ ಸ್ವಲ್ಪ ಬೆಲ್ಲ ಸೇರಿಸಿ, ಹುಳಿ ಮಾತ್ರ ಇಳಿಸಬೇಡಿ. ಇಷ್ಟು ಮಾಡಿದ ಮೇಲೂ ಫ್ರಿಜ್ಜಿನಲ್ಲೇ. ಮಾಡಿದ್ದನ್ನ ಸಣ್ಣ ಸಣ್ಣ ಡಬ್ಬಿ ಮಾಡಿ ಒಂದನ್ನ ಹೊರಗೆ ತೆಗೆದು, ಉಳಿದದ್ದು ಫ್ರೀಜರಿನಲ್ಲಿ. ಈಗ ಒಲೆಯ ಪಕ್ಕ ಇರೋದನ್ನ ಚೆಲ್ಲಲೇಬೇಕು.

ಅಕ್ಕ: ಒಂದು ಕೆ.ಜಿ. ಸಿಗಡಿ ಮಾರಾಯ, ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ತಂದದ್ದು. ಚಿಪ್ಪು ತೆಗೆಯುವುದರಲ್ಲೇ ಬೆರಳು ಹೋಗಿತ್ತು. ಸರಿ, ಚೆಲ್ಲುವ. ಮಾವಿನಕಾಯಿ?

ತಮ್ಮ: ಅದು ಬೂಷ್ಟು ಬಂದಿಲ್ಲ, ಹುಳಿ ಇದೆ. ಹೊರಡೋ ಮೊದಲು ಇನ್ನೂ 300 ಗ್ರಾಂ ಉಪ್ಪು ಹಾಕಿ ಕಲಸಿ, ಹೋಳು ಮುಳುಗೋವರೆಗೆ ಎಣ್ಣೆ ಹಾಕಿ, ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜು ಬಂದ್ ಮಾಡಬೇಡಿ. ಮುಚ್ಚಳದ ಮೇಲೆ ದಿನಾಂಕ, ಮಾವು ಎರಡು ಕೆ.ಜಿ., ಉಪ್ಪು 400 ಅಂತ ಬರೆದಿಡಿ. ಭಾವನಿಗೆ ಅದರಲ್ಲಿ ಊಟಕ್ಕೆ ಒಂದೇ ಹೋಳು.

ಅಕ್ಕ: ಈ ಗುಲಾಬಿ ಪೊಟ್ಟಣ? ಮಗನ ಹತ್ತಿರ ನೀನೇ ಹೇಳಬೇಕು, ನಾನು ಹೇಳಿದರೆ ಅಮ್ಮನಿಗೆ ಕೆಮಿಕಲ್ ಅಂದರೆ ಹೆದರಿಕೆ ಅಂತಾನೆ.

ತಮ್ಮ: ನಾನೇ ಹೇಳ್ತೀನಿ. ನಾಲ್ಕು ಜನ ಉಪ್ಪಿಗೆ ಕೈ ಹಾಕೋ ಅಡುಗೆಮನೆಯಲ್ಲಿ ಇದಿರಬಾರದು, ನಾನು ಒಯ್ದು ನಮ್ಮ ಲ್ಯಾಬಿನವರಿಗೆ ಕೊಡ್ತೀನಿ. ಅವನಿಗೆ ಬೇಕಾಗಿರೋದು ಎರಡು ದಿನದಲ್ಲಿ ತಿಂದು ಮುಗಿಸೋ ಬೇಕನ್, ಅದಕ್ಕೆ ನೈಟ್ರೈಟ್ ಬೇಡವೇ ಬೇಡ. ಮಾಂಸಕ್ಕೆ ನೂರಕ್ಕೆ ಎರಡು ಗ್ರಾಂ ಉಪ್ಪು, ಕಾಳುಮೆಣಸು, ಸ್ವಲ್ಪ ಖರ್ಜೂರದ ಪಾಕ ಹಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಲಿ. ಓವನ್ನಿನಲ್ಲಿ ಒಳಗಿನ ಶಾಖ 74 ಡಿಗ್ರಿ ಮುಟ್ಟೋವರೆಗೆ ಬೇಯಿಸಿ, ತಣಿಸಿ, ತೆಳ್ಳಗೆ ಕತ್ತರಿಸಿ ಕಾವಲಿಯ ಮೇಲೆ ಹುರಿಯಲಿ. ಬಣ್ಣ ಬೂದಿಯ ಹಾಗಿರುತ್ತೆ, ಅಂಗಡಿಯ ಗುಲಾಬಿ ಬರೋಲ್ಲ. ಉಳಿದದ್ದು ಫ್ರಿಜ್ಜಿಗೆ, ಮೂರನೇ ದಿನಕ್ಕೆ ಖಾಲಿಯಾಗಬೇಕು.

ಅಕ್ಕ: ನಾಡಿದ್ದು ರಾತ್ರಿ ನಮ್ಮ ವಿಮಾನ. ನಾಳೆ ಮಾಡಿದರೆ ಮುಗೀತದೆ. ನೀನೂ ಬಾ, ಥರ್ಮಾಮೀಟರು ತೆಗೆದುಕೊಂಡು ಬಾ.